ಹುಳುವಿಲ್ಲದ ತೋಟ

ಹೊಳೆಯ ದಂಡೆಯಲ್ಲಿ ಇನ್ನಾಸಿ ಸ್ವಾಮಿಗಳ ಆಶ್ರಮವಿತ್ತು. ಆಶ್ರಮವೆಂದರೆ ಹೆಂಚು ಹೊದಿಸಿದ ಒಂದು ಪ್ರಾರ್ಥನೆಯ ಮನೆ, ಅದರ ನೆತ್ತಿಯ ಮೇಲೊಂದು ಮರದ ಶಿಲುಬೆ, ಪಕ್ಕದಲ್ಲಿ ಎರಡು ಕೋಣೆ, ಹಿಂದೆ ತೋಟ. ಅಷ್ಟೇ.

ಸ್ವಾಮಿಗಳಿಗೆ ವಯಸ್ಸಾಗಿತ್ತು. ಕಣ್ಣು ಮಂಜಾಗಿತ್ತು. ಬಂದವರನ್ನು ದನಿಯಿಂದಲೇ ಗುರುತು ಹಿಡಿಯುತ್ತಿದ್ದರು.

ಭಾನುವಾರ ಪೂಜೆ ಮುಗಿದ ಮೇಲೆ ತೋಟದಲ್ಲಿ ಬೆಳೆದದ್ದನ್ನು ಬುಟ್ಟಿಗೆ ತುಂಬಿ ಹೊಂಗೆ ಮರದ ಕೆಳಗೆ ಇಡುವುದು ಅಲ್ಲಿನ ಪದ್ಧತಿ. ಪೂಜೆಗೆ ಬಂದವರೂ ಒಯ್ಯುತ್ತಿದ್ದರು, ದಾರಿಯಲ್ಲಿ ಹೋಗುವವರೂ ಒಯ್ಯುತ್ತಿದ್ದರು. ಮಕ್ಕಳು ಟೊಮೆಟೊ ಹಣ್ಣನ್ನು ಅಂಗಿಗೆ ಒರೆಸಿಕೊಂಡು ಅಲ್ಲೇ ಕಚ್ಚುತ್ತಿದ್ದವು. ಸ್ವಾಮಿಗಳ ತೋಟದ್ದನ್ನು ತೊಳೆದು ತಿನ್ನಬೇಕೆಂದು ಯಾರಿಗೂ ಅನ್ನಿಸುತ್ತಿರಲಿಲ್ಲ.

ಚೌರಿ ಆಶ್ರಮಕ್ಕೆ ಹೊಸದಾಗಿ ಬಂದ ಶಿಷ್ಯ. ಮನಸ್ಸಿನಲ್ಲಿ ಕೆಟ್ಟದ್ದಿಲ್ಲ. ಆದರೆ ಅವನ ಕೈಯಲ್ಲಿ ಯಾವ ಕೆಲಸವೂ ನೆಟ್ಟಗಾಗುತ್ತಿರಲಿಲ್ಲ. ಅನ್ನಕ್ಕಿಟ್ಟರೆ ತಳ ಹಿಡಿಯುತ್ತಿತ್ತು. ಹಾಡಿದರೆ ಜೊತೆಗೆ ಹಾಡುವವರೂ ದಾರಿ ತಪ್ಪುತ್ತಿದ್ದರು.

ಒಂದು ದಿನ ಸ್ವಾಮಿಗಳು ಅವನ ಕೈಗೆ ಗುದ್ದಲಿ ಕೊಟ್ಟರು.

"ತೋಟ ಇನ್ನು ನಿನ್ನದು."

"ನನ್ನದಾ, ಸ್ವಾಮಿ?"

"ನೋಡಿಕೊಳ್ಳೋದಕ್ಕೆ ನಿನ್ನದು."

ಚೌರಿ ಜೀವ ತೇದು ದುಡಿದ. ಟೊಮೆಟೊ ಗಿಡ ಎದ್ದು ನಿಂತವು. ಕೋಲು ನೆಟ್ಟು ಕಟ್ಟಿದ. ಹೂವಾಯಿತು, ಕಾಯಾಯಿತು. ಜನ ಬುಟ್ಟಿಗೆ ಕೈಹಾಕುವಾಗ ಅವನು ಹೊಂಗೆ ಮರದ ಹಿಂದೆ ನಿಂತು ನೋಡುತ್ತಿದ್ದ. ತನ್ನ ಕೈಯಿಂದಲೂ ಏನೋ ಒಂದು ನೆಟ್ಟಗಾಗಿದೆ ಎಂದು ಅವನಿಗೆ ಕಣ್ಣು ತುಂಬಿ ಬರುತ್ತಿತ್ತು.

ಆಮೇಲೆ ಹುಳು ಬಿತ್ತು.

ಒಂದು ಭಾನುವಾರ ಹೆಂಗಸೊಬ್ಬಳು ಒಂದು ಹಣ್ಣನ್ನು ಎತ್ತಿ, ತಿರುಗಿಸಿ ನೋಡಿ, ಸದ್ದಿಲ್ಲದೆ ಬುಟ್ಟಿಗೆ ಮರಳಿ ಇಟ್ಟಳು. ಅವತ್ತು ಚೌರಿ ಆ ಹಣ್ಣನ್ನು ಹಿಡಿದು ಸ್ವಾಮಿಗಳ ಹತ್ತಿರ ಹೋದ.

"ಸ್ವಾಮಿ, ಗಿಡಕ್ಕೆ ಹುಳು ಬಿದ್ದಿದೆ."

"ಕೈಯಿಂದ ಆರಿಸು."

"ಆರಿಸಿದಷ್ಟೂ ಬರ್ತವೆ."

"ಬಂದಷ್ಟೂ ಆರಿಸು. ಉಳಿದದ್ದನ್ನ ಹಂಚು."

"ತೂತು ಬಿದ್ದದ್ದನ್ನ ಹೇಗೆ ಹಂಚೋದು? ಜನ ಏನಂತಾರೆ?"

"ತೂತು ಬಿದ್ದಿದೆ ಅಂತಾರೆ."

ಚೌರಿ ದಿನವೂ ಬೆಳಿಗ್ಗೆ ಒಬ್ಬನೇ ಕುಕ್ಕರಗಾಲಿನಲ್ಲಿ ಕೂತು ಆರಿಸಿದ. ಬೆನ್ನು ಸೋತಿತು. ಹುಳು ಸೋಲಲಿಲ್ಲ.

ಅಷ್ಟರಲ್ಲಿ ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲ ಬಂತು. ಧ್ಯಾನ ನಡೆಸಿಕೊಡಬೇಕೆಂದು ಪಕ್ಕದೂರಿನ ಚರ್ಚಿನವರು ಸ್ವಾಮಿಗಳನ್ನು ಕರೆದೊಯ್ದರು. ಆಶ್ರಮದಲ್ಲಿ ಚೌರಿ ಒಬ್ಬನೇ ಉಳಿದ.

ಅವನು ಪೇಟೆಗೆ ಹೋದ. ಅಂಗಡಿಯವನು ಒಂದು ಸೀಸೆ ಕೊಟ್ಟು ಹೇಳಿದ: "ಒಳ್ಳೇ ಔಷಧಿ. ಒಂದು ಹುಳುನೂ ಉಳಿಯಲ್ಲ. ಆದರೆ ಹೊಡೆದ ಮೇಲೆ ವಾರ ಕಳೆಯೋವರೆಗೂ ಕಾಯಿ ಕೀಳಬೇಡಿ."

ಚೌರಿ ತಲೆಯಾಡಿಸಿದ. ಮೂಗಿಗೆ ಬಟ್ಟೆ ಕಟ್ಟಿಕೊಂಡು ತೋಟಕ್ಕೆಲ್ಲ ಹೊಡೆದ. ಸ್ವಾಮಿಗಳು ಬರುವಷ್ಟರಲ್ಲಿ ವಾರ ಕಳೆದಿರುತ್ತದೆ, ಅವರಿಗೆ ಗೊತ್ತಾಗುವುದೂ ಬೇಕಿಲ್ಲ ಎಂದುಕೊಂಡ.

ಮಾರನೆಯ ದಿನ ಹುಳು ಉದುರಿ ಬಿದ್ದಿದ್ದವು. ಚೌರಿಗೆ ಕುಣಿಯುವಂತಾಯಿತು.

ಆಮೇಲೆ ಅವನ ಕಣ್ಣಿಗೆ ಬೇರೆ ಕೆಲವು ಬಿದ್ದವು. ಕುಂಬಳದ ಹೂ ಬಾಯಿ ತೆರೆದುಕೊಂಡು ಕೂತಿದ್ದವು, ಒಂದು ಜೇನುನೊಣವೂ ಬಂದಿರಲಿಲ್ಲ. ಕಾಲುವೆಯಲ್ಲಿ ಒಂದು ಕಪ್ಪೆ ಹೊಟ್ಟೆ ಮೇಲಾಗಿ ತೇಲುತ್ತಿತ್ತು.

ಒಂದು ಕಪ್ಪೆ ತಾನೇ ಎಂದು ಅದನ್ನು ಮಣ್ಣಲ್ಲಿ ಮುಚ್ಚಿದ. ಸಂಜೆಗೆ ಇನ್ನೂ ಕೆಲವು ತೇಲಿದವು. ಅವನ್ನೂ ಮುಚ್ಚಿದ. ಆಮೇಲೆ ಕಾಲುವೆಯ ಕಡೆಗೆ ಹೋಗುವುದನ್ನೇ ಬಿಟ್ಟ.

ಸ್ವಾಮಿಗಳು ಹೇಳಿದ್ದಕ್ಕಿಂತ ಮುಂಚೆಯೇ, ವಾರ ಕಳೆಯುವ ಮೊದಲೇ ಬಂದುಬಿಟ್ಟರು.

ಚೀಲ ಇಳಿಸಿದವರೇ ನೇರ ತೋಟಕ್ಕೆ ನಡೆದರು. ಒಂದು ಹಣ್ಣನ್ನು ಗಿಡದಲ್ಲೇ ಹಿಡಿದು, ಮಂಜುಗಣ್ಣಿನ ಬದಲು ಬೆರಳಿನಿಂದ ನೋಡಿದರು. ಇನ್ನೊಂದನ್ನು ನೋಡಿದರು. ಮತ್ತೊಂದನ್ನು. ಎಲ್ಲೂ ತೂತಿಲ್ಲ.

"ಹುಳು ಎಲ್ಲಿ ಹೋದವು ಚೌರಿ?"

ನಿಜ ಚೌರಿಯ ನಾಲಿಗೆಯವರೆಗೂ ಬಂದಿತ್ತು. ಆದರೆ ಆ ಮುದಿ ಮುಖದಲ್ಲಿ ಅಷ್ಟೊಂದು ಸಂತೋಷ ಅವನು ಎಂದೂ ಕಂಡಿರಲಿಲ್ಲ.

"ಪ್ರಾರ್ಥನೆ ಮಾಡಿದೆ, ಸ್ವಾಮಿ."

ಸ್ವಾಮಿಗಳು ಚೌರಿಯ ಎರಡೂ ಕೈ ಹಿಡಿದು ತಮ್ಮ ಕಣ್ಣಿಗೆ ಒತ್ತಿಕೊಂಡರು.

"ಇಷ್ಟು ವರ್ಷ ಪ್ರಾರ್ಥನೆ ಮಾಡಿದ್ದೀನಿ ಕಣಪ್ಪಾ. ನನ್ನ ಮಾತಿಗೆ ಒಂದು ಹುಳುನೂ ಕದಲಿಲ್ಲ."

ಚೌರಿಗೆ ತನ್ನ ಕೈಗಳನ್ನು ಕಿತ್ತುಕೊಳ್ಳಬೇಕು ಅನ್ನಿಸಿತು. ಕಿತ್ತುಕೊಳ್ಳಲಿಲ್ಲ.

"ನಡಿ," ಎಂದರು ಸ್ವಾಮಿಗಳು. "ಹೊಳೆಯಾಚೆ ರಾಚಮ್ಮನ ಬದನೆಗೂ ಹುಳು ಬಿದ್ದಿದೆಯಂತೆ. ದಾರೀಲಿ ಸಿಕ್ಕಿ ಅತ್ತಳು. ಅವಳ ತೋಟದಲ್ಲೂ ಪ್ರಾರ್ಥನೆ ಮಾಡು."

"ನಾನಾ? ಇವತ್ತೇ?"

"ಹುಳು ನಾಳೆವರೆಗೆ ಕಾಯುತ್ತಾ?"

ಬರಿಗೈಯಲ್ಲಿ ಹೋಗಬಾರದೆಂದು ಸ್ವಾಮಿಗಳು ನಾಲ್ಕು ಹಣ್ಣು ಕಿತ್ತರು.

"ಈಗಲೇ ಕೀಳೋದು ಬೇಡ ಸ್ವಾಮಿ," ಎಂದ ಚೌರಿ. "ಇನ್ನೂ ಕೆಂಪಾಗಲಿ."

"ನಾಲ್ಕು ಹಣ್ಣಿಗೆ ಏನು? ಆ ಮನೇಲಿ ಕೂಸಿದೆ."

"ತೊಳೆದು ತರ್ತೀನಿ ಕೊಡಿ."

"ನಮ್ಮ ತೋಟದ್ದನ್ನ ಯಾವತ್ತಪ್ಪಾ ತೊಳೆದಿದ್ದೀವಿ?"

ಸ್ವಾಮಿಗಳು ಹಣ್ಣನ್ನು ಬಟ್ಟೆಯಲ್ಲಿ ಕಟ್ಟಿದರು. ಚೌರಿ ಆ ಗಂಟನ್ನು ತಾನೇ ಹಿಡಿದುಕೊಂಡ. ಹೊಳೆ ದಾಟುವಾಗ ಜಾರಿದಂತೆ ಮಾಡಿ ನೀರಿಗೆ ಬಿಟ್ಟುಬಿಡುವುದು ಎಂದುಕೊಂಡಿದ್ದ. ನೀರು ಮೊಣಕಾಲಿನವರೆಗಿತ್ತು. ಸಣ್ಣ ಮೀನುಗಳು ಬಂದು ಅವನ ಕಾಲನ್ನು ಮುಟ್ಟಿ ಮುಟ್ಟಿ ನೋಡಿದವು. ಕಾಲುವೆಯ ಕಪ್ಪೆಗಳು ನೆನಪಾಗಿ ಅವನ ಕೈ ಗಂಟನ್ನು ಬಿಡಲಿಲ್ಲ.

ರಾಚಮ್ಮ ಗಂಡ ತೀರಿಕೊಂಡವಳು. ಮಗಳ ಮಗಳು ಬೆಳ್ಳಿಯನ್ನು ಸಾಕುತ್ತಿದ್ದಳು. ಮನೆಯ ಮುಂದಿನ ಅಂಗೈಯಗಲದ ಬದನೆ ತೋಟವೇ ಅವರಿಬ್ಬರ ಬದುಕು.

"ಬನ್ನಿ ಬುದ್ಧಿ," ಎಂದು ರಾಚಮ್ಮ ಚೌರಿಯ ಕೈಯಿಂದ ಗಂಟು ಇಸಿದುಕೊಂಡು ಜಗಲಿಯ ಮೇಲಿಟ್ಟಳು.

"ರಾಚಮ್ಮಾ, ನಮ್ಮ ಚೌರಿ ಪ್ರಾರ್ಥನೆ ಮಾಡಿ ತೋಟ ಉಳಿಸಿದ್ದಾನೆ," ಎಂದರು ಸ್ವಾಮಿಗಳು. "ನಿನ್ನ ಗಿಡಕ್ಕೂ ಮಾಡಿಸೋಣ ಅಂತ ಬಂದೆ."

ರಾಚಮ್ಮ ತಲೆಯ ಮೇಲೆ ಸೆರಗು ಹೊದ್ದಳು. "ನಿಮ್ಮ ದೇವರು ನಮ್ಮಂಥೋರ ಗಿಡಾನೂ ನೋಡ್ತಾನಾ ಬುದ್ಧಿ?"

"ಗಿಡ ಮಾಡಿದೋನೇ ಅವನು ತಾಯಿ."

ಚೌರಿ ಬದನೆ ಸಾಲಿನ ನಡುವೆ ಮೊಣಕಾಲೂರಿದ. ಅವನ ಪಕ್ಕದಲ್ಲಿ ಸ್ವಾಮಿಗಳೂ ಮೆಲ್ಲಗೆ, ಕೋಲು ಹಿಡಿದುಕೊಂಡು, ಮೊಣಕಾಲೂರಿದರು.

"ನೀನು ಹೇಳು ಚೌರಿ. ನಾನು ಆಮೆನ್ ಅಂತೀನಿ."

"ದೇವರೇ," ಎಂದ ಚೌರಿ.

ಮುಂದಿನ ಮಾತು ಬರಲಿಲ್ಲ. ರಾಚಮ್ಮ ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದಳು. ಸ್ವಾಮಿಗಳು ತಲೆಬಾಗಿಸಿ ಕಾಯುತ್ತಿದ್ದರು. ಒಂದು ಎಲೆಯ ಅಡಿಯಲ್ಲಿ ಹುಳುವೊಂದು ತನ್ನ ಪಾಡಿಗೆ ತಾನು ತಿನ್ನುತ್ತಿತ್ತು.

"ದೇವರೇ..."

ಅವನು ತಲೆಯೆತ್ತಿದ. ಜಗಲಿಯ ಮೇಲೆ ಬೆಳ್ಳಿ ಗಂಟು ಬಿಚ್ಚಿದ್ದಳು. ಎಲ್ಲಕ್ಕಿಂತ ಕೆಂಪನೆಯ ಹಣ್ಣನ್ನು ಆರಿಸಿ, ಲಂಗಕ್ಕೆ ಒರೆಸಿ, ಬಾಯಿ ಅಗಲಿಸಿದ್ದಳು.

"ತಿನ್ನಬೇಡ! ಕೂಸೇ, ತಿನ್ನಬೇಡ!"

ಗಿಡಗಳನ್ನು ತುಳಿದುಕೊಂಡು ಓಡಿದ. ಹಣ್ಣು ಕಿತ್ತುಕೊಂಡ. ಮಗು ಹೆದರಿ ಅಳತೊಡಗಿತು.

"ಕಚ್ಚಿದೆಯಾ? ಬಾಯಿ ತೋರಿಸು. ಕಚ್ಚಿದೆಯಾ?"

ಕಚ್ಚಿರಲಿಲ್ಲ.

"ವಿಷ ಅದು," ಎಂದ ಚೌರಿ. "ನಾನು ವಿಷ ಹೊಡೆದಿದ್ದೀನಿ. ಪ್ರಾರ್ಥನೆ ಮಾಡಲಿಲ್ಲ. ಸುಳ್ಳು ಹೇಳಿದೆ."

ರಾಚಮ್ಮ ಮಗುವನ್ನು ಎಳೆದು ತಬ್ಬಿಕೊಂಡಳು. ನೀರು ತಂದು ಅದರ ಕೈ, ಬಾಯಿ, ಲಂಗದ ಅಂಚು ಎಲ್ಲವನ್ನೂ ತಿಕ್ಕಿ ತಿಕ್ಕಿ ತೊಳೆದಳು. ಆಮೇಲೆ ಚೌರಿಯ ಕಡೆ ತಿರುಗಿದಳು.

"ದೇವರ ಹೆಸರು ಹೇಳ್ಕಂಡು ತಂದ್ಯಲ್ಲೋ! ಮೊಗ ತಿಂದಿದ್ರೆ? ನನಗಿರೋದು ಇದೊಂದೇ!"

ಚೌರಿ ತಲೆ ತಗ್ಗಿಸಿ ನಿಂತ.

ಸ್ವಾಮಿಗಳು ಕೋಲೂರಿಕೊಂಡು ಎದ್ದು ಬಂದರು. ರಾಚಮ್ಮನ ಮುಂದೆ ಕೈಮುಗಿದರು.

"ಕಿತ್ತು ತಂದೋನು ನಾನು ತಾಯಿ. ನನ್ನನ್ನೂ ಬೈ."

ಅವಳು ಬೈಯಲಿಲ್ಲ. ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಹಣ್ಣುಗಳನ್ನು ಸ್ವಾಮಿಗಳೇ ಆರಿಸಿ ಮತ್ತೆ ಗಂಟು ಕಟ್ಟಿದರು.

ಹೊಳೆಯ ದಂಡೆಗೆ ಬಂದಾಗ ಚೌರಿ ಮರಳಿನ ಮೇಲೆ ಕುಸಿದು ಕೂತ.

"ನಿಮಗೆ ಮೊದಲೇ ಗೊತ್ತಿತ್ತು ಅಲ್ವಾ ಸ್ವಾಮಿ? ನನ್ನನ್ನ ಪರೀಕ್ಷೆ ಮಾಡೋದಕ್ಕೆ ಕರಕೊಂಡು ಹೋದಿರಿ."

"ಇಲ್ಲ," ಎಂದರು ಸ್ವಾಮಿಗಳು. "ನೀನು ಹೇಳಿದೆ. ನಾನು ನಂಬಿದೆ."

ಬೈದಿದ್ದರೆ ಚೌರಿ ತಡೆದುಕೊಳ್ಳುತ್ತಿದ್ದ. ಇದನ್ನು ತಡೆದುಕೊಳ್ಳಲಾಗಲಿಲ್ಲ. ಮುಖ ಮುಚ್ಚಿಕೊಂಡು ಅತ್ತ.

ಸ್ವಾಮಿಗಳು ಅವನ ಪಕ್ಕದಲ್ಲಿ ಕೂತರು. ಅಳು ಇಳಿಯುವವರೆಗೆ ಕಾದರು.

"ಏನು ಹೊಡೆದೆ?"

"ಔಷಧಿ."

"ಕಾಯಿಲೆ ಯಾರಿಗಿತ್ತು?"

ಚೌರಿ ಹೊಳೆಯನ್ನು ನೋಡುತ್ತ ಹೇಳಿದ: "ನನಗೆ, ಸ್ವಾಮಿ. ಜನ ನನ್ನ ಹಣ್ಣನ್ನ ಬುಟ್ಟಿಗೆ ವಾಪಸ್ ಹಾಕಬಾರದು ಅಂತ ಇತ್ತು. ನೀವೂ ನನ್ನನ್ನ ಕೈಲಾಗದೋನು ಅನ್ಕೋಬಾರದು ಅಂತ ಇತ್ತು."

"ಅನ್ಕೊಂಡಿರಲಿಲ್ಲ ಕಣೋ."

"ನನ್ನನ್ನ ಕಳಿಸಿಬಿಡಿ."

"ಎಲ್ಲಿಗೆ?"

"ಎಲ್ಲಿಗಾದರೂ."

"ಅಲ್ಲೂ ಒಂದು ತೋಟ ಇರುತ್ತೆ," ಎಂದರು ಸ್ವಾಮಿಗಳು. "ಎದ್ದೇಳು. ಇನ್ನೂ ಕೆಲವರ ಹತ್ತಿರ ತಪ್ಪೊಪ್ಪಿಕೊಳ್ಳೋದಿದೆ."

"ಯಾರ ಹತ್ತಿರ?"

"ಇವತ್ತು ಆಶ್ರಮಕ್ಕೆ ಬರುವಾಗ ಕಾಲುವೆ ಪಕ್ಕದಲ್ಲೇ ಬಂದೆ. ಒಂದು ಕಪ್ಪೆಯ ದನಿಯೂ ಕೇಳಲಿಲ್ಲ. ಬಿಸಿಲು ಜಾಸ್ತಿಯೇನೋ ಅಂದುಕೊಂಡೆ."

ಕಾಲುವೆಯ ಅಂಚಿನಲ್ಲಿ ಮಣ್ಣು ಇನ್ನೂ ಹಸಿಯಾಗಿತ್ತು. ಎಲ್ಲೆಲ್ಲಿ ಮುಚ್ಚಿದ್ದೆನೆಂದು ಚೌರಿ ತೋರಿಸಿದ. ಸ್ವಾಮಿಗಳು ಅಲ್ಲೇ ಮೊಣಕಾಲೂರಿದರು. ಮನುಷ್ಯರ ಸಮಾಧಿಯ ಮುಂದೆ ಹೇಗೋ ಹಾಗೆ.

"ನಮ್ಮಿಂದ ತಪ್ಪಾಯಿತು," ಎಂದರು.

"ನಮ್ಮಿಂದ ಅಲ್ಲ ಸ್ವಾಮಿ, ನನ್ನಿಂದ."

"ಆರಿಸು ಅಂದೆ ಚೌರಿ. ನೀನು ದಿನಾ ಬೆಳಿಗ್ಗೆ ಬೆನ್ನು ಬಗ್ಗಿಸಿಕೊಂಡು ಒಬ್ಬನೇ ಕೂತಿರುತ್ತಿದ್ದೆ. ಒಂದು ದಿನವಾದರೂ ನಿನ್ನ ಜೊತೆ ಬಂದೆನಾ ನಾನು?"

ಚೌರಿ ಅವರ ಪಕ್ಕದಲ್ಲಿ ಮೊಣಕಾಲೂರಿದ. ಈ ಸಲ ಅವನ ಪ್ರಾರ್ಥನೆಗೆ ಮಾತು ಸಿಕ್ಕಿತು. ಸ್ವಾಮಿಗಳು ಆಮೆನ್ ಅಂದರು.

ನೀರಿನಿಂದ ದೂರ, ದಿಬ್ಬದ ಮೇಲೆ ಆಳವಾದ ಗುಂಡಿ ತೋಡಿ ಹಣ್ಣನ್ನೆಲ್ಲ ಮುಚ್ಚಿದರು. ಗಿಡಗಳನ್ನು ಕಿತ್ತರು.

ಭಾನುವಾರ ಪೂಜೆ ಮುಗಿಯಿತು. ಜನ ಹೊಂಗೆ ಮರದ ಕಡೆ ನಡೆದರು. ಬುಟ್ಟಿ ಖಾಲಿಯಿತ್ತು.

"ನಾನು ಹೇಳಲಾ?" ಎಂದು ಸ್ವಾಮಿಗಳು ಮೆಲ್ಲಗೆ ಕೇಳಿದರು.

"ಬೇಡ. ನಾನೇ ಹೇಳ್ತೀನಿ."

ಚೌರಿ ಹೇಳಿದ. ಹುಳುವನ್ನು, ಸೀಸೆಯನ್ನು, ಕಪ್ಪೆಗಳನ್ನು, ಬೆಳ್ಳಿಯನ್ನು. ಪ್ರಾರ್ಥನೆ ಎಂದು ಹೇಳಿದ ಸುಳ್ಳನ್ನೂ ಬಿಡಲಿಲ್ಲ.

ಮುದುಕರೊಬ್ಬರು ಎಲ್ಲರಿಗೂ ಕೇಳಿಸುವಂತೆ ಛೀ ಎಂದರು. ಕೆಲವರು ಮಕ್ಕಳ ಕೈ ಹಿಡಿದು ಹೊರಟರು. ಹಿಂದೊಮ್ಮೆ ಹಣ್ಣನ್ನು ಬುಟ್ಟಿಗೆ ಮರಳಿ ಇಟ್ಟಿದ್ದ ಹೆಂಗಸು ಮಾತ್ರ ಹತ್ತಿರ ಬಂದು, "ಹೇಳಿದೆಯಲ್ಲಪ್ಪಾ, ಸದ್ಯ," ಎಂದು ಹೋದಳು.

ಬೇಸಿಗೆಯಿಡೀ ತೋಟ ಬೋಳಾಗಿತ್ತು. ಚೌರಿ ತರಗೆಲೆ ಹೊತ್ತು ತಂದು ಹರಡಿದ. ಸಗಣಿ ಗೊಬ್ಬರ ಹಾಕಿದ. ಹೊಳೆ ದಾಟಿ ಹೋಗಿ ರಾಚಮ್ಮನ ಬದನೆಯ ಹುಳು ಆರಿಸಿಕೊಟ್ಟ. ಅವಳು ಮೊದಲು ಮಾತಾಡಿಸಲಿಲ್ಲ. ಆಮೇಲೆ ಒಂದು ದಿನ ಕುಡಿಯಲು ಮಜ್ಜಿಗೆ ತಂದಿಟ್ಟು, "ಆ ಸಾಲು ಬುಟ್ಬುಟ್ಯಲ್ಲ," ಎಂದಳು.

ಮಳೆ ಬಂತು. ಚೌರಿ ಹೊಸ ಸಸಿ ನೆಟ್ಟ. ಸಸಿ ಗಿಡವಾದವು, ಹೂ ಬಿಟ್ಟವು, ಕಾಯಿ ಕಟ್ಟಿದವು.

ಒಂದು ಬೆಳಿಗ್ಗೆ ಸ್ವಾಮಿಗಳು ಪ್ರಾರ್ಥನೆ ಮುಗಿಸಿ ಮೆಟ್ಟಿಲ ಮೇಲೆ ಕೂತಿದ್ದರು. ಚೌರಿ ತೋಟದಿಂದ ಬಂದು ಎದುರಿಗೆ ನಿಂತ. ಕೈಯೆಲ್ಲ ಮಣ್ಣು.

"ಸ್ವಾಮಿ."

"ಏನಪ್ಪಾ?"

"ಗಿಡಕ್ಕೆ ಮತ್ತೆ ಹುಳು ಬಿದ್ದಿದೆ. ಬಹಳ ಬಿದ್ದಿದೆ."

ಸ್ವಾಮಿಗಳ ಮುಖ ಅರಳಿತು. ಕೋಲಿಗಾಗಿ ಕೈ ಚಾಚಿದರು.

"ಶುಭಸಂದೇಶ ತಂದೆ ಕಣೋ. ನಡಿ, ಇಬ್ಬರೂ ಆರಿಸೋಣ."