ಕಡ್ಡಿ ಮುರಿದ ದೊರೆ

ಬೆಟ್ಟದ ನೆತ್ತಿಯ ಮೇಲೆ ಗಡಗಡದುರ್ಗ ಅಂತ ಒಂದು ರಾಜ್ಯವಿತ್ತು. ಮಾಗಿ ಬಂತೆಂದರೆ ಅಲ್ಲಿನ ಚಳಿ ಅಂಥಿಂಥದ್ದಲ್ಲ. ಹುಂಜ ಬಿಸಿನೀರು ಕುಡಿದ ಮೇಲೇ ಕೂಗುತ್ತಿತ್ತು. ಜನ ಹೊರಗೆ ಹೊರಟರೂ ಅವರ ನೆರಳು ಮನೆಯಲ್ಲೇ ಉಳಿದು ಒಲೆಯ ಮುಂದೆ ಮೈ ಕಾಯಿಸಿಕೊಳ್ಳುತ್ತಿತ್ತು. ನಂಬದವರು ಹೋಗಿ ನೋಡಿಕೊಂಡು ಬರಬಹುದು. ಕಂಬಳಿ ಮಾತ್ರ ನಿಮ್ಮದೇ.

ಆ ರಾಜ್ಯಕ್ಕೆ ಜಂಬಯ್ಯನಾಯಕ ಅಂತ ದೊರೆ. ಒಂದು ಬೇಸಿಗೆಯಲ್ಲಿ ಯಾರೋ ವ್ಯಾಪಾರಿ ಬಿಸಿಲ ನಾಡಿನಿಂದ ಒಂದು ಹೂವಿನ ಗಿಡ ತಂದು ಅವನಿಗೆ ಕಾಣಿಕೆ ಕೊಟ್ಟ. ರಸ ತುಂಬಿದ ದಪ್ಪ ಕಡ್ಡಿ, ದುಂಡನೆಯ ಎಲೆ, ಗೊಂಚಲು ಗೊಂಚಲು ಕೆಂಪು ಹೂವು. ವರ್ಷಾನುಗಟ್ಟಲೆ ಬಾಳುವ ಗಿಡವೇ, ಆದರೆ ಚಳಿ ಕಂಡರೆ ಜೀವ ಬಿಡುವ ಜಾತಿ. ಅದಕ್ಕೇ ಜನ ಅದಕ್ಕೆ ಅಂಜುಬುರುಕಿ ಅಂತ ಹೆಸರಿಟ್ಟರು. ದೊರೆ ಅದನ್ನು ಅರಮನೆಯ ಅಂಗಳದಲ್ಲಿ ನೆಡಿಸಿ, ಪಕ್ಕದಲ್ಲೇ ತನ್ನ ಕುರ್ಚಿ ಹಾಕಿಸಿಕೊಂಡ. ಊರಲ್ಲಿ ಡಂಗುರವನ್ನೂ ಹೊಡೆಸಿದ: ಈ ಗಿಡದ ಕಡ್ಡಿ ಮುರಿದವರು ಯಾರೇ ಆಗಲಿ, ಅವರಿಗೆ ಗಡೀಪಾರು.

ಆ ಅಂಗಳ ಗುಡಿಸುತ್ತಿದ್ದವಳು ತಿಪ್ಪಜ್ಜಿ. ದೊರೆ ಕೂಸಾಗಿದ್ದಾಗ ಎತ್ತಿ ಆಡಿಸಿ, ಮೂಗು ಒರೆಸಿದವಳು. ಅವನ ಕಿರೀಟಕ್ಕೆ ಎಲ್ಲರೂ ಹೆದರಿದರೆ ಇವಳಿಗೆ ಆ ಮೂಗು ನೆನಪಾಗುತ್ತಿತ್ತು. ಗಿಡ ಬಂದ ದಿನದಿಂದ ಅವಳ ಪೊರಕೆ ಅದರ ಸುತ್ತಲೇ ಸುಳಿಯುತ್ತಿತ್ತು. ತನ್ನ ಗುಡಿಸಲ ಮುಂದೆಯೂ ಇಂಥದ್ದೊಂದು ಅರಳಿದರೆ ಎಷ್ಟು ಚೆನ್ನ ಅನ್ನುವುದೊಂದೇ ಆಸೆ.

ದೊರೆಗೊಂದು ಚಾಳಿಯಿತ್ತು. ನಾವೆಲ್ಲ ಕಡ್ಡಿ ಮುರಿದ ಹಾಗೆ ಹೇಳ್ತೀನಿ ಅಂತ ಬಾಯಲ್ಲಿ ಹೇಳಿ ಸುಮ್ಮನಾಗುತ್ತೇವೆ. ದೊರೆಯ ಮಾತು ಅಂದಮೇಲೆ ಅಷ್ಟಕ್ಕೇ ನಿಂತೀತೇ? ಅವನು ಕೈಗೆ ಸಿಕ್ಕಿದ ಕಡ್ಡಿಯನ್ನು ನಿಜವಾಗಿಯೂ ಪಟ್ ಅಂತ ಮುರಿದು ಬಿಸಾಡುತ್ತಿದ್ದ.

ಮೊದಲು ದೊರೆಯ ತಂಗಿ ಗಂಡನ ಮನೆಯಿಂದ ಬಂದಳು. ಅಣ್ಣಾ, ಒಂದು ಕಡ್ಡಿ ಕೊಡು, ನಮ್ಮಂಗಳದಲ್ಲೂ ನೆಡ್ತೀನಿ ಅಂದಳು. ಕಡ್ಡಿ ಮುರಿದ ಹಾಗೆ ಹೇಳ್ತೀನಿ, ಕೊಡಲ್ಲ ಅಂದ ದೊರೆ. ಪಕ್ಕದಲ್ಲಿ ಸಿಕ್ಕಿದ್ದು ಅಂಜುಬುರುಕಿಯ ರೆಂಬೆ. ಪಟ್. ತಂಗಿ ಮುಖ ಊದಿಸಿಕೊಂಡು ಹೋದಳು. ತಿಪ್ಪಜ್ಜಿ ಕಸದ ಜೊತೆ ಆ ಕಡ್ಡಿಯನ್ನೂ ಬುಟ್ಟಿಗೆ ತುಂಬಿಕೊಂಡಳು. ಅರಮನೆಯ ಕಸ ಗುಡಿಸಿದವರಿಗೇ ಸೇರಬೇಕು, ಅದು ಅಲ್ಲಿನ ಹಳೇ ಪದ್ಧತಿ. ಮನೆಗೊಯ್ದು ನೆಟ್ಟು, ಹಸುಗೂಸಿಗೆ ಹಾಲೆರೆದ ಹಾಗೆ ಹೊತ್ತುಹೊತ್ತಿಗೂ ನೀರೆರೆದಳು. ಕಡ್ಡಿ ಕೊಳೆತುಹೋಯಿತು.

ಆಮೇಲೆ ಸೇನಾಪತಿ ಬಂದ. ಹೆಂಡತಿ ಮೂರು ದಿನದಿಂದ ಮಾತು ಬಿಟ್ಟಿದ್ದಾಳೆ, ಒಂದು ಕಡ್ಡಿ ಆದರೆ ಮನೆಯಲ್ಲಿ ಊಟ ಸಿಗುತ್ತೆ ಅಂತ ಬೇಡಿಕೊಂಡ. ಅವನಿಗೂ ಅದೇ ಮಾತು, ಅದೇ ಪಟ್. ತಿಪ್ಪಜ್ಜಿ ಆ ಕಡ್ಡಿಯನ್ನು ಉರಿಬಿಸಿಲಲ್ಲಿ ನೆಟ್ಟಳು. ಅದು ಒಣಗಿ ಹಲ್ಲುಕಡ್ಡಿಯಾಯಿತು.

ಮೂರನೆಯ ಸಲ ಅಜ್ಜಿ ತಾನೇ ಹೋಗಿ ಕೇಳಿದಳು.

“ಬುದ್ಧಿ, ನನಗೂ ಒಂದು ಕಡ್ಡಿ ಕೊಡಿ. ಚಳಿ ಬರೋದರೊಳಗೆ ನಾಕು ಮನೇಲಿ ಬೇರು ಬಿಟ್ಟಿದ್ರೆ ಒಂದಾದ್ರೂ ಉಳೀತದೆ.”

“ಅಜ್ಜೀ, ಕಡ್ಡಿ ಮುರಿದ ಹಾಗೆ ಹೇಳ್ತೀನಿ. ಕೊಡಲ್ಲ.”

ಪಟ್.

ಈ ಸಲ ಅಜ್ಜಿ ಅವಸರ ಮಾಡಲಿಲ್ಲ. ಕೆಳಗಿನ ಎಲೆ ಚಿವುಟಿದಳು. ಮೊಗ್ಗನ್ನೂ ಚಿವುಟಿದಳು, ಮೊದಲು ಕಾಲೂರು ತಾಯಿ, ಮುಡಿಯೋದು ಆಮೇಲೆ ಅಂತ ಅದಕ್ಕೆ ಬುದ್ಧಿ ಹೇಳಿದಳು. ಮುರಿದ ಗಾಯ ಆರುವ ತನಕ ಕಡ್ಡಿಯನ್ನು ನೆರಳಲ್ಲಿಟ್ಟು, ಆಮೇಲೆ ಮರಳು ಬೆರೆಸಿದ ಮಣ್ಣಿನ ಕುಂಡಕ್ಕೆ ಚುಚ್ಚಿದಳು. ನೀರು ಚಿಮುಕಿಸಿದರೆ ಚಿಮುಕಿಸಿದಳು, ಇಲ್ಲದಿದ್ದರೆ ಇಲ್ಲ. ಕಡ್ಡಿ ಬೇರು ಬಿಟ್ಟಿತು, ಚಿಗುರಿತು. ಅದರ ಚಿಗುರು ಬಲಿತಾಗ ಅದನ್ನೂ ಕತ್ತರಿಸಿ ಇನ್ನೆರಡು ಕುಂಡ ಮಾಡಿದಳು.

ಮಾಗಿ ಹತ್ತಿರವಾಯಿತು. ಗಿಡವನ್ನು ಗಿಡ್ಡಗೆ ಕತ್ತರಿಸಿ, ಕುಂಡಕ್ಕೆ ಹಾಕಿ ಒಳಗಿಡಿ ಬುದ್ಧಿ ಅಂತ ಅಜ್ಜಿ ಹೇಳಿದಳು. ಜಂಬಯ್ಯನಾಯಕನ ಗಿಡ ಚಳಿಗೆ ಹೆದರಿ ಒಳಗೆ ಅಡಗಿಕೊಳ್ಳುವುದೇ? ಅವನು ಗಿಡಕ್ಕೆ ಜರಿಯ ಶಾಲು ಹೊದಿಸಿದ, ಮೇಲೆ ಛತ್ರಿ ಹಿಡಿಸಿದ, ಸುತ್ತ ಭರ್ಜಿ ಹಿಡಿದ ಕಾವಲು ನಿಲ್ಲಿಸಿ ಚಳಿ ಬಂದರೆ ಒಳಗೆ ಬಿಡಬೇಡಿ ಅಂತ ಅಪ್ಪಣೆ ಕೊಟ್ಟ. ಬೆಳಗಾಗುವಷ್ಟರಲ್ಲಿ ಅಂಜುಬುರುಕಿ ಬೇಯಿಸಿದ ಸೊಪ್ಪಿನ ಹಾಗೆ ಮಲಗಿತ್ತು. ಕಾವಲಿನವರು ಪಾಪ, ಯಾರೂ ಬಂದಿದ್ದು ಕಾಣಲಿಲ್ಲ ಅಂತ ಆಣೆ ಮಾಡಿದರು.

ತಿಪ್ಪಜ್ಜಿಯ ಕುಂಡಗಳು ಮಾತ್ರ ಅವಳ ಬಚ್ಚಲ ಕಿಟಕಿಯಲ್ಲಿ, ಹಂಡೆ ಒಲೆಯ ಹಬೆಗೆ ಬೆಚ್ಚಗೆ ಕೂತಿದ್ದವು.

ಇತ್ತ ದೊರೆಗೆ ಪೀಕಲಾಟ. ಯುಗಾದಿಗೆ ಬಂದು ನನ್ನ ಹೂವು ನೋಡಿ ಅಂತ ಸುತ್ತಲಿನ ರಾಜರಿಗೆಲ್ಲ ಜಂಬದಿಂದ ಹೇಳಿಕಳಿಸಿಯಾಗಿತ್ತು. ಎಲ್ಲಾದರೂ ಇದೆಯೇ ಅಂತ ಭಟರು ಮನೆಮನೆ ಹುಡುಕಿದರು. ಅಜ್ಜಿಯ ಬಚ್ಚಲಲ್ಲಿ ಸಿಕ್ಕಿತು. ಕುಂಡಗಳ ಸಮೇತ ಅವಳನ್ನು ಸಭೆಗೆ ಕರೆತಂದರು.

ಗಿಡ ಕಂಡು ದೊರೆಯ ಕಣ್ಣು ಅರಳಿತು, ಅಜ್ಜಿಯನ್ನು ಕಂಡು ಮೀಸೆ ಕುಣಿಯಿತು. ಕಡ್ಡಿ ಮುರಿದವರಿಗೆ ಗಡೀಪಾರು ಅಂತ ಗೊತ್ತಿಲ್ಲವೇ ಅಂತ ಗದರಿದ. ಅಜ್ಜಿಗೆ ದಿಗಿಲಾಯಿತು. ಈ ವಯಸ್ಸಿನಲ್ಲಿ ಬೆಟ್ಟ ಇಳಿದು ಯಾರ ಮನೆ ಜಗಲಿ ಹುಡುಕುವುದು? ಆದರೆ ಆ ಮೂಗು ನೋಡಿದಳು, ಧೈರ್ಯ ಬಂತು.

“ಗಡೀಪಾರು ಮುರಿದೋರಿಗೋ ಬುದ್ಧಿ, ನೆಟ್ಟೋರಿಗೋ?”

“ಮುರಿದವರಿಗೆ.”

“ಮುರಿದೋರು ದೊಡ್ಡೋರಾದ್ರೆ?”

“ಯಾರೇ ಆಗಲಿ. ಕಡ್ಡಿ ಮುರಿದ ಹಾಗೆ ಹೇಳ್ತೀನಿ—”

ಅವನ ಕೈ ತಾನಾಗಿಯೇ ಮುಂದಿದ್ದ ಕುಂಡಕ್ಕೆ ಹೋಯಿತು. ಪಟ್.

ಸಭೆಗೆ ಸಭೆಯೇ ನೋಡಿತು. ಸೇನಾಪತಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಹಬ್ಬಕ್ಕೆ ಬಂದಿದ್ದ ತಂಗಿ ಸೆರಗು ಬಾಯಿಗೆ ತುರುಕಿಕೊಂಡಳು. ಅಜ್ಜಿ ನಿಧಾನವಾಗಿ ಬಗ್ಗಿ, ಬಿದ್ದ ಕಡ್ಡಿಯನ್ನು ಎತ್ತಿ ಮಡಿಲಿಗೆ ಹಾಕಿಕೊಂಡಳು.

“ನಾನು ನೆಟ್ಟಿದ್ದೆಲ್ಲ ನೀವು ಮುರಿದು ಬಿಸಾಡಿದ್ದೇ ಬುದ್ಧಿ. ಬಟ್ಟೆಗಂಟು ಕಟ್ಕೊಳ್ಳಿ. ದಾರಿಗೆ ರೊಟ್ಟಿ ನಾನೇ ತಟ್ಟಿಕೊಡ್ತೀನಿ.”

ದೊರೆ ಮುರಿದ ರೆಂಬೆ ನೋಡಿದ, ಬಾಗಿಲು ನೋಡಿದ, ಹೊರಗಿನ ದಾರಿ ನೋಡಿದ. ಕೊನೆಗೆ ತಲೆ ತಗ್ಗಿಸಿ, ನನ್ನಾಜ್ಞೆ ರದ್ದು, ಯುಗಾದಿಗೆ ಒಂದು ಕುಂಡ ಕೊಡು ಅಜ್ಜಿ ಅಂತ ಕೇಳಿದ. ಅಜ್ಜಿ ಕೊಟ್ಟಳು, ಒಂದು ಕರಾರಿನ ಮೇಲೆ. ಇನ್ನು ಮುಂದೆ ಪ್ರತಿ ವರ್ಷ ಚಳಿಗೆ ಮೊದಲು ದೊರೆ ಅರಮನೆಯ ಬಾಗಿಲಲ್ಲಿ ಕೂತು, ಕೇಳಿದವರಿಗೆಲ್ಲ ತನ್ನ ಕೈಯಾರೆ ಕಡ್ಡಿ ಮುರಿದು ಕೊಡಬೇಕು.

ಹಾಗೇ ಆಯಿತು. ದೊರೆಯ ಚಾಳಿಗೂ ತೃಪ್ತಿ, ಊರಿನ ಬಚ್ಚಲುಗಳಿಗೂ ಶೃಂಗಾರ. ಮುಂದಿನ ಮಾಗಿಯಲ್ಲಿ ಅವನು ಮತ್ತೆ ಗಿಡಕ್ಕೆ ಶಾಲು ಹೊದಿಸಿದ, ಅದು ಮತ್ತೆ ಸೊಪ್ಪಾಯಿತು ಅನ್ನಿ. ಆದರೆ ಈ ಸಲ ಖಾಲಿ ಕುಂಡ ಹಿಡಿದು ಒಂದು ಕಡ್ಡಿ ಕೊಡಿ ಅಂತ ನಿಲ್ಲುವುದಕ್ಕೆ ಅವನಿಗೆ ಊರ ತುಂಬ ಬಾಗಿಲುಗಳಿದ್ದವು.

ಮಕ್ಕಳೇ, ಕಥೆಯ ನೀತಿ ಇಷ್ಟು: ನಿಮ್ಮ ಹೂವು ಉಳಿಯಬೇಕಾದರೆ ಮೊದಲು ನೆರೆಮನೆಗೆ ಒಂದು ಕಡ್ಡಿ ಕೊಡಿ. ಬಚ್ಚಿಟ್ಟುಕೊಂಡವರ ಗಿಡ ಒಂದೇ ಚಳಿಗೆ ಹೋಗುತ್ತದೆ, ಹಂಚಿದವರದು ಯಾರದೋ ಕಿಟಕಿಯಲ್ಲಿ ಬದುಕಿರುತ್ತದೆ. ಕಡ್ಡಿ ಮುರಿದ ಹಾಗೆ ಹೇಳಿದ್ದಾಯಿತು. ಮುರಿದ ಕಡ್ಡಿ ಇಲ್ಲೇ ಬಿದ್ದಿದೆ, ಬೇಕಾದವರು ಎತ್ತಿಕೊಂಡು ಹೋಗಿ ನೆಡಿ.