ಕಲ್ಲುಕುಟಿಗರ ದುರುಗಿ ಮತ್ತು ಮಾತು ಬಿಟ್ಟ ರಾಜಕುಮಾರ

"ಕೇಳಿರಪ್ಪೋ ಕೇಳಿ! ಕೆಂಗಲ್ಲುದುರ್ಗದ ಅರಸು ಮಲ್ಲಭೂಪರ ಅಪ್ಪಣೆ! ರಾಜಮಾತೆ ಗಂಗಾಂಬೆಯವರ ಮೂರು ಒಗಟು ಬಿಡಿಸಿದವರೇ ರಾಜಕುಮಾರನ ಗುರು. ಅವರು ಹೇಳಿದಂತೆಯೇ ಅವನ ಪಾಠ. ಒಂದು ತಪ್ಪಿದರೂ ಸಾಯುವ ತನಕ ನೆಲಮಾಳಿಗೆಯ ಸೆರೆ!"

ಡಂಗುರ ಕೇಳಿದವರೆಲ್ಲ ಅರಮನೆಯ ಮೇಲಿನ ಕಿಟಕಿಯತ್ತ ನೋಡಿದರು. ಅದರ ಸರಳುಗಳ ಹಿಂದೆ ಐದು ವರ್ಷದ ರಾಜಕುಮಾರ ಚೆನ್ನರಾಜನಿದ್ದ. ಎಂಟು ತುಂಬುವಷ್ಟರಲ್ಲಿ ಮಗ ಸಕಲ ಶಾಸ್ತ್ರ ಕಲಿಯಬೇಕೆಂದು ಅರಸ ಅವನನ್ನು ಮೂರನೆಯ ವಯಸ್ಸಿಗೇ ಆ ಕೋಣೆಯಲ್ಲಿ ಕೂರಿಸಿದ್ದ. ಬೆಳಗಿನಿಂದ ಸಂಜೆಯವರೆಗೆ ಶ್ಲೋಕ, ವ್ಯಾಕರಣ. ತಪ್ಪಿದರೆ ಬೆತ್ತ. ಆರು ತಿಂಗಳ ಹಿಂದೆ ಮಗು ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿತು. ವೈದ್ಯರು ಗಂಟಲಿಗೆ ಜೇನು ಸವರಿ ಸೋತರು. "ರೋಗ ಗಂಟಲಲ್ಲಿಲ್ಲ" ಎಂದ ರಾಜಮಾತೆಯ ಮಾತು ಅರಸನ ಕಿವಿಗೆ ಹೋಗಲಿಲ್ಲ. ಕೊನೆಗೆ ಅನ್ನ ಬಿಟ್ಟು ಕೂತು ಆಕೆ ಅರಸನನ್ನು ಈ ಒಗಟಿನ ಪಂದ್ಯಕ್ಕೆ ಒಪ್ಪಿಸಿದಳು. ಯಾರೂ ಬರದಿರಲೆಂದು ಸೆರೆಯ ಮಾತು ಸೇರಿಸಿದವನು ಅರಸನೇ.

ಆದರೂ ಇಬ್ಬರು ಬಂದರು. ರಾಜಮಾತೆ ಮೊದಲ ಒಗಟು ಹೇಳಿದಳು: "ಕೂಲಿಯಿಲ್ಲ, ಒಡೆಯನಿಲ್ಲ. ಆದರೂ ಊಟ ಮರೆತು ಮಾಡುವ ಕೆಲಸ ಯಾವುದು?"

"ತಪಸ್ಸು!" ಎಂದ ಹಿರಿಯ ಪಂಡಿತ.

"ತಪಸ್ವಿ ಕೊನೆಗೆ ವರ ಕೇಳುತ್ತಾನಲ್ಲಪ್ಪ, ಅದೇ ಅವನ ಕೂಲಿ."

"ಯುದ್ಧ!" ಎಂದ ಮುದಿ ದಳವಾಯಿ.

"ಕೊಳ್ಳೆ ಸಿಗದಿದ್ದರೆ ಎಷ್ಟು ಜನ ಬರುತ್ತಿದ್ದರು?"

ಭಟರು ಇಬ್ಬರನ್ನೂ ನೆಲಮಾಳಿಗೆಗೆ ಇಳಿಸಿದರು. ಕಬ್ಬಿಣದ ಬಾಗಿಲು ಮುಚ್ಚಿದ ಸದ್ದು ಸಭೆಗೆ ಕೇಳಿಸಿತು. ಮತ್ತೆ ಯಾರೂ ಮುಂದೆ ಬರಲಿಲ್ಲ.

ಆ ಹೊತ್ತಿಗೆ ಭಟರು ದುರುಗಿಯನ್ನು ಎಳೆತಂದರು. ಕೋಟೆ ಕಟ್ಟುವ ಕಲ್ಲುಕುಟಿಗರ ಕೇರಿಯ ಹುಡುಗಿ ಅವಳು. ತಾಯಂದಿರು ಕಲ್ಲು ಹೊರುವಾಗ ಅವರ ಹನ್ನೊಂದು ಮಕ್ಕಳನ್ನು ಗೋಡೆಯ ನೆರಳಲ್ಲಿ ಆಡಿಸಿಕೊಂಡಿರುವುದೇ ಅವಳ ಕೆಲಸ. ಅವರ ಗದ್ದಲದಿಂದ ರಾಜಕುಮಾರನ ಪಾಠ ಕೆಡುತ್ತಿದೆಯೆಂದು ಮಕ್ಕಳನ್ನೆಲ್ಲ ಆನೆಲಾಯದಲ್ಲಿ ಕೂಡಿಹಾಕಿದ್ದರು.

"ಮಕ್ಕಳನ್ನು ಬಿಡಿ ಬುದ್ಧಿ, ಬೇಕಾದರೆ ನನ್ನನ್ನು ಇಟ್ಟುಕೊಳ್ಳಿ" ಎಂದು ಅವಳು ಅಂಗಲಾಚಿದಳು.

"ಒಗಟು ಬಿಡಿಸು, ಬಿಡುತ್ತೇನೆ" ಎಂದ ಅರಸ, ಹಾಸ್ಯಕ್ಕೆ. "ಇಲ್ಲವಾದರೆ ನೆಲಮಾಳಿಗೆ."

ಹಿಂದೆ ಈಟಿ, ಮುಂದೆ ಸಿಂಹಾಸನ. ರಾಜಮಾತೆ ಅದೇ ಒಗಟನ್ನು ಮೆಲ್ಲಗೆ ಹೇಳಿದಳು.

"ಅದು ಆಟ, ಅವ್ವಾ. ನಮ್ಮ ಮಕ್ಕಳನ್ನು ಉಣ್ಣಲು ಕರೆದು ಕರೆದು ನನ್ನ ಗಂಟಲೇ ಹರಿಯುತ್ತದೆ."

"ಆಟ ಸೋಮಾರಿತನ. ಅದು ಕೆಲಸ ಹೇಗಾದೀತು?" ಅರಸ ಗದರಿದ.

"ಮಣ್ಣಲ್ಲಿ ಗೋಡೆ ಕಟ್ಟುತ್ತಾರೆ, ಬುದ್ಧಿ. ದಪ್ಪ ಕಲ್ಲು ಮೇಲಿಟ್ಟರೆ ಕುಸಿಯುತ್ತದೆಂದು ನಾನು ಹೇಳಿಕೊಟ್ಟಿಲ್ಲ. ಕುಸಿದದ್ದು ನೋಡಿ ಅವರೇ ಕೆಳಗಿಟ್ಟರು. ಹುಣಸೆಬೀಜ ಪಾಲು ಮಾಡಲು ಕಿತ್ತಾಡಿ ಎಣಿಸಲು ಕಲಿತರು. ಕಿತ್ತಾಡಿದ ಮೇಲೆ ರಾಜಿಯಾಗುವುದನ್ನೂ ಕಲಿತರು."

ರಾಜಮಾತೆ ತಲೆದೂಗಿದಳು. "ಎರಡನೆಯದು. ದಿನಕ್ಕೆ ನೂರು ಸಲ ನೆಲಕ್ಕುರುಳಿದರೂ ಸೋತೆನೆನ್ನದ ವೀರ ಯಾರು?"

"ನಡೆಯಲು ಕಲಿಯುವ ಕೂಸು. ಬಿದ್ದರೆ ಯಾರೂ ಬೈಯುವುದಿಲ್ಲವಲ್ಲ, ಅದಕ್ಕೇ ಏಳುತ್ತದೆ. ಹೊಡೆದಿದ್ದರೆ ಅದೂ ಕೂತಲ್ಲೇ ಕೂರುತ್ತಿತ್ತು."

ರಾಜಮಾತೆ ಮುಂದಕ್ಕೆ ಬಾಗಿದಳು.

"ಕೊನೆಯದು, ಮಗಳೇ. ಬೀಗ ಹಾಕಿ ಕಾದರೆ ಕಳೆದುಹೋಗುತ್ತದೆ, ಬಯಲಿಗೆ ಬಿಟ್ಟರೆ ಉಳಿಯುತ್ತದೆ. ಒಮ್ಮೆ ಹೋದರೆ ಅರಸನಿಗೂ ಮರಳಿ ಸಿಗುವುದಿಲ್ಲ. ಏನದು?"

ದುರುಗಿಗೆ ಉತ್ತರ ಕೂಡಲೇ ಹೊಳೆಯಿತು. ಹೇಳಿದರೆ ಅರಸನ ಮುಖಕ್ಕೇ ಅಪರಾಧ ಹೊರಿಸಿದಂತೆ, ಹೇಳದಿದ್ದರೆ ನೆಲಮಾಳಿಗೆ. ಲಾಯದ ಕಡೆಯಿಂದ ಮಕ್ಕಳ ಅಳು ಕೇಳಿಸಿತು.

"ಎಳೆತನ" ಎಂದಳು. "ನಿಮ್ಮ ಮಗನದು, ಬುದ್ಧಿ."

ಅರಸ ಕತ್ತಿಗೆ ಕೈಯಿಟ್ಟು ಎದ್ದ. "ಯಾರು ಹೇಳಿದರು ನಿನಗೆ?"

"ದಿನಾ ನೋಡುತ್ತೇನೆ. ಸರಳಿಗೆ ಕೆನ್ನೆ ಒತ್ತಿ ನಿಂತಿರುತ್ತದೆ ಮಗು. ನಮ್ಮವರು ಕೂಗಿದಾಗ ತಾನೂ ಕೂಗಲು ಬಾಯಿ ತೆರೆಯುತ್ತದೆ. ಆಮೇಲೆ ಹಿಂದಕ್ಕೆ ತಿರುಗಿ ನೋಡಿ ಮುಚ್ಚಿಕೊಳ್ಳುತ್ತದೆ."

"ಮೂರೂ ಸರಿ" ಎಂದಳು ರಾಜಮಾತೆ. "ಮಾತು ಕೊಟ್ಟಿದ್ದೀಯ, ಮಲ್ಲಾ."

ಅರಸ ಕತ್ತಿಯಿಂದ ಕೈ ತೆಗೆದ. ಆಮೇಲೆ ತಾನೇ ಮೆಟ್ಟಿಲು ಹತ್ತಿ ಮೇಲಿನ ಕೋಣೆಯ ಬಾಗಿಲು ತೆಗೆದ.

ಮಕ್ಕಳು ಲಾಯದಿಂದ ಬಂದರು. ದುರುಗಿಯ ಮೊದಲ ಕೋರಿಕೆಯಂತೆ ಪಂಡಿತ, ದಳವಾಯಿ ಹೊರಬಂದರು. ಎರಡನೆಯ ಕೋರಿಕೆಯಂತೆ ಅರಮನೆಯ ಹಿತ್ತಲು ಮಕ್ಕಳ ಆಟದ ಬಯಲಾಯಿತು. ಗುರುವಿನ ಶಾಲು ಹೊದೆಸಲು ಬಂದಾಗ ಅವಳು ಆ ಬಯಲಲ್ಲೇ ಕೂತು ಹೊದ್ದುಕೊಂಡಳು.

ರಾಜಕುಮಾರ ಮೂರು ದಿನ ಬೇವಿನ ಮರಕ್ಕೆ ಅಂಟಿ ನಿಂತಿದ್ದ. ದುರುಗಿ ಕರೆಯಲಿಲ್ಲ, ಯಾರಿಗೂ ಕರೆಯಲು ಬಿಡಲೂ ಇಲ್ಲ. ನಾಲ್ಕನೆಯ ದಿನ ಕುಂಟೆಬಿಲ್ಲೆ ಆಡುತ್ತಿದ್ದ ಪುಟ್ಟ ಸಣ್ಣಿಯ ಕಾಲು ಗೆರೆಯ ಮೇಲೆ ಬಿತ್ತು.

"ಗೆರೆ ತುಳಿದೆ!" ಎಂದು ಯಾರೋ ಚೀರಿದರು. "ಈಗ ನನ್ನ ಸರದಿ!"

ಆ ದನಿ ಮರದ ಕಡೆಯಿಂದ ಬಂದಿತ್ತು. ಮೇಲೆ ಉಪ್ಪರಿಗೆಯಲ್ಲಿ ನಿಂತಿದ್ದ ಅರಸ ಕಂಬ ಹಿಡಿದು ಕೆಳಕ್ಕೆ ಬಾಗಿ ನೋಡಿದ. ಕೆಳಗೆ ಅವನ ಮಗ ಒಂಟಿಕಾಲಲ್ಲಿ ಕುಂಟುತ್ತ, ಬೀಳುತ್ತ, ಮತ್ತೆ ಏಳುತ್ತಿದ್ದ.