ಉಟ್ಟ ಬಟ್ಟೆಯ ಕೌದಿ

ಮಲಪ್ರಭೆಯ ದಂಡೆಯ ಮೇಲೊಂದು ತಗಡಿನ ಚಪ್ಪರ. ಅದರ ಕೆಳಗೆ ಪರಮಪೂಜ್ಯ ಶಿವಬಸಮ್ಮ ತಾಯಿಯವರು ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಜೋಡಿಸಿ ಕೌದಿ ಹೊಲಿಯುತ್ತ ಕೂತಿರುತ್ತಿದ್ದರು. ಪೀಠವಿಲ್ಲ, ಪಾದುಕೆಯಿಲ್ಲ. ಬಾಯಲ್ಲಿ ಶಿವನಾಮ, ಕೈಯಲ್ಲಿ ಸೂಜಿ, ಅಷ್ಟೇ ಅವರ ದರ್ಶನ. ಅವರ ಕೌದಿಯ ಮೇಲೆ ಎಂಥ ಹಟಮಾರಿ ಕೂಸಾದರೂ ಮಲಗುತ್ತದೆಂದು ಸುತ್ತಲಿನ ಊರುಗಳವರು ನಂಬಿದ್ದರು.

ಹುಬ್ಬಳ್ಳಿಯ ನೀಲಗಂಗಾ ನಂಬಿರಲಿಲ್ಲ. ಅವಳು ಮೊಬೈಲಿನ ಲೈವ್‌ನಲ್ಲಿ ಸೀರೆ ಮಾರುವವಳು. ಅಲ್ಲಿ ಅವಳ ಹೆಸರು ನಿಯಾ. ಉಟ್ಟ ಪ್ರತಿ ಸೀರೆಗೂ ‘ಇದು ನನ್ನ ಫೇವರಿಟ್’ ಎನ್ನುವಳು. ಮನೆಯ ಕಪಾಟು ತುಂಬ ಸೀರೆಗಳಿದ್ದರೂ ಒಂದನ್ನೂ ಎರಡನೇ ಸಲ ಉಟ್ಟಿರಲಿಲ್ಲ. ಆದರೆ ಐದು ತಿಂಗಳ ಮಗಳನ್ನು ಹಗಲು ಎತ್ತಿಕೊಂಡರೆ ಸಾಕು, ಪರಕೀಯರ ಕೈಗೆ ಸಿಕ್ಕಂತೆ ಚೀರುತ್ತಿತ್ತು. ರಾತ್ರಿ ಮಾತ್ರ ಹೇಗೋ ಮಗ್ಗುಲಲ್ಲಿ ಮಲಗುತ್ತಿತ್ತು. ಹೆತ್ತ ಕೂಸಿಗೇ ತನ್ನ ಗುರುತು ಹತ್ತದಿದ್ದರೆ ತಾನು ಯಾರು? ಪಾಪ, ಆ ಪ್ರಶ್ನೆ ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು. ಕೊನೆಗೆ ಅತ್ತೆ ಗೌರಕ್ಕನ ಕಾಟ ತಾಳಲಾರದೆ ಅವಳ ಜೊತೆ ತಾಯಿಯವರ ಚಪ್ಪರಕ್ಕೆ ಹೊರಟಳು. ಗೌರಕ್ಕ ಗಡಿಬಿಡಿಯಲ್ಲಿ ಕೈಗೆ ಸಿಕ್ಕ ಬಟ್ಟೆಯಲ್ಲೇ ಕೌದಿಗೆಂದು ಒಳ್ಳೊಳ್ಳೆಯ ಸೀರೆಗಳ ಗಂಟು ಕಟ್ಟಿದಳು.

ಚಪ್ಪರದಡಿ ಕೂಸು ಕೆಂಪಗಾಗಿ ಅಳುತ್ತಿತ್ತು. ತಾಯಿಯವರು ಗಂಟು ಬಿಚ್ಚಿ ಒಂದೊಂದೇ ಸೀರೆಯನ್ನು ಮೂಗಿಗೆ ಹಿಡಿದು ಪಕ್ಕಕ್ಕಿಟ್ಟರು.

“ಇದು ಅಂಗಡೀದು. ಇದೂ ಅಂಗಡೀದು. ನಿಂದು ಯಾವ್ದವಾ?”

“ಎಲ್ಲಾ ನನ್ನವ ಅದಾವ್ರೀ ಅವ್ವಾರ! ರೊಕ್ಕ ಕೊಟ್ಟ ತಂದೇನಿ.”

ಕಡೆಯ ಸೀರೆಯೂ ಪಕ್ಕಕ್ಕೆ ಹೋಯಿತು. ಇಷ್ಟೊಂದು ಬಟ್ಟೆಯಲ್ಲಿ ತನ್ನದೆಂಬುದು ಒಂದು ಚೂರೂ ಇಲ್ಲವೇ? ಅಷ್ಟರಲ್ಲಿ ತಾಯಿಯವರ ಕೈ ಗಂಟು ಕಟ್ಟಿದ ಬಟ್ಟೆಯ ಮೇಲೆ ನಿಂತಿತು. ಅವರ ಮುಖ ಅರಳಿತು!

“ಅಯ್ಯ, ಅದು ಬ್ಯಾಡ್ರೀ ಅವ್ವಾರ! ಅದು ನನ್ನ ಹಳೀ ನೈಟಿ!” ನೀಲಗಂಗಾ ನಾಚಿ ನೀರಾದಳು. ಗೌರಕ್ಕ ನಾಲಿಗೆ ಕಚ್ಚಿಕೊಂಡಳು. ಬಸುರಿಯಾದಾಗಿನಿಂದ ದಿನಾ ರಾತ್ರಿ ತೊಟ್ಟ, ಬಾಣಂತನದ ಎಣ್ಣೆ ಅರಿಸಿನ ಕುಡಿದ, ಆ ದಿನ ಬೆಳಗ್ಗೆಯಷ್ಟೇ ಕಳಚಿಟ್ಟ ನೈಟಿ. ಅದನ್ನು ತೊಟ್ಟಾಗ ಯಾರ ಕಣ್ಣಿಗೂ ಬೀಳಬಾರದೆಂದು ಅವಳು ಮೊಬೈಲನ್ನು ಮಗುಚಿಡುತ್ತಿದ್ದಳು.

ಪೂಜ್ಯರು ಆ ಮಾಸಿದ ನೈಟಿಯನ್ನು ಪ್ರಸಾದದಂತೆ ಕಣ್ಣಿಗೊತ್ತಿಕೊಂಡರು. ಮಡಿಲಲ್ಲಿ ಹಾಸಿ ಕೂಸನ್ನು ಮಲಗಿಸಿದರು. ಆಹಾ, ಏನು ಹೇಳೋಣ! ಕೂಸು ಬಿಕ್ಕಿತು, ಮೂಸಿತು, ಬಟ್ಟೆಯಲ್ಲಿ ಮುಖ ಹುದುಗಿಸಿ ಮುಷ್ಟಿ ತುಂಬ ಹಿಡಿದುಕೊಂಡಿತು. ಅಳು ನಿಂತೇ ಹೋಯಿತು!

“ಕೂಸಿಗೆ ನಿನ್ನ ಗುರುತ ಐತಿ ಮಗಳ,” ಎಂದರು ತಾಯಿಯವರು. “ನಿನಗ ಇಲ್ಲ.”

ನೀಲಗಂಗಾ ಅವರ ಪಾದಗಳ ಮೇಲೆ ಬಿದ್ದು ಮನಸಾರೆ ಅತ್ತಳು. ತಾಯಿಯವರು ತಲೆ ಸವರಿ ಅವಳ ಕೈಗೇ ಸೂಜಿ ಕೊಟ್ಟರು. ಸಂಜೆಯವರೆಗೂ ಇಬ್ಬರೂ ಕೂಡಿ ಆ ನೈಟಿಯನ್ನೇ ಮೇಲುಹೊದಿಕೆ ಮಾಡಿ ಪುಟ್ಟ ಕೌದಿ ಹೊಲಿದರು.

ಮರುದಿನದ ಲೈವ್‌ಗೆ ಅವಳು ಮೆತ್ತಗಿನ ನೂಲಿನ ಸೀರೆಯುಟ್ಟು, ಕೌದಿಯಲ್ಲಿ ಸುತ್ತಿದ ಮಗಳನ್ನು ಎತ್ತಿಕೊಂಡು ಬಂದಳು. ಕೂಸು ಅವಳ ಹೆಗಲ ಮೇಲೆ ತಲೆಯಿಟ್ಟು ಪಿಳಿಪಿಳಿ ನೋಡುತ್ತಿತ್ತು. “ನಮಸ್ಕಾರ್ರೀ, ನಾ ನೀಲಗಂಗಾ,” ಎಂದಳು. ನೋಡುವವರ ಕಣ್ಣು ಕೌದಿಯ ಮೇಲೆ. ಪರದೆಯ ತುಂಬ ಒಂದೇ ಪ್ರಶ್ನೆ: ರೇಟ್ ಎಷ್ಟು?

ನೀಲಗಂಗಾ ಕೌದಿಯನ್ನು ಎದೆಗೊತ್ತಿಕೊಂಡು ನಕ್ಕಳು.

“ಇದು ಮಾರೂದಲ್ರೀ. ಇದು ನಂದು.”